ಅಂಗಳದ ಮುದಿಮರವೂ ಗೃಹಸ್ಥನ ವಿವೇಕವೂ

ತಾನು ನೆಟ್ಟುದನ್ನು ತಾನೇ ಕಡಿಯಬೇಕಾಗಿ ಬಂದಾಗ ಮನುಷ್ಯನ ಅಂತಃಕರಣಕ್ಕೆ ಉಂಟಾಗುವ ಸಂಕಟವು ಸಾಮಾನ್ಯವಾದುದಲ್ಲ. ತಂದೆಯೋ ಅಜ್ಜನೋ ನೆಟ್ಟುದನ್ನು ಕಡಿಯಬೇಕಾದಾಗ ಆ ಸಂಕಟವು ಇಮ್ಮಡಿಯಾಗುತ್ತದೆ. ಆದರೆ ಸಂಕಟವು ದೊಡ್ಡದೆಂಬ ಮಾತ್ರಕ್ಕೆ ಅದು ಸರಿಯಾದ ದಾರಿಯನ್ನು ತೋರಿಸುತ್ತದೆಂದು ತಿಳಿಯಬಾರದು. ಸಂಕಟಪಡುತ್ತಲೇ ಅನ್ಯಾಯವನ್ನು ಮಾಡಿದವರುಂಟು. ಸಂಕಟಕ್ಕೆ ಹೆದರಿ ಮಾಡಬೇಕಾದುದನ್ನು ಮುಂದೂಡಿ ನೆರೆಯವರಿಗೆ ಕೇಡು ತಂದವರೂ ಉಂಟು. ಮನೆಯ ಅಂಗಳದಲ್ಲಿ ಮುಪ್ಪಾಗಿ ನಿಂತ ಮರವನ್ನು ಯಾವಾಗ ತೆಗೆಯಬೇಕು, ಯಾವಾಗ ತೆಗೆಯಬಾರದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಗೃಹಕೃತ್ಯದ ಒಂದು ಚಿಕ್ಕ ವಿಷಯದಂತೆ ಕಾಣುವುದಾದರೂ, ವಿಚಾರಿಸುತ್ತ ಹೋದಂತೆ ಅದು ಸದಾಚಾರದ ಪ್ರಶ್ನೆಯೇ ಆಗಿ ನಿಲ್ಲುತ್ತದೆ.

ಹುಬ್ಬಳ್ಳಿ-ಧಾರವಾಡಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಸೆರಗಿನಲ್ಲಿ ಧಾರವಾಡವು ನೆಲೆಸಿದೆ. ಅಲ್ಲಿಯ ಕೆಂಪು ನೆಲದಲ್ಲಿ ಮಾವು ಹಲಸುಗಳು ತಾವಾಗಿ ಬಂದಂತೆ ಬೆಳೆಯುತ್ತವೆ. ಪೂರ್ವಕ್ಕೆ ಇಳಿದು ಹುಬ್ಬಳ್ಳಿಯನ್ನು ದಾಟಿದರೆ ಎರೆಯ ಭೂಮಿ; ಅಲ್ಲಿ ಬೇವು, ಹುಣಿಸೆ, ಬನ್ನಿಗಳ ರಾಜ್ಯ. ಮಾಳಮಡ್ಡಿ, ಸಪ್ತಾಪುರ, ನಾರಾಯಣಪುರಗಳ ಹಳೆಯ ಹೆಂಚಿನ ಮನೆಗಳಲ್ಲಿಯೂ, ಹುಬ್ಬಳ್ಳಿಯ ದೇಶಪಾಂಡೆ ನಗರ, ವಿಶ್ವೇಶ್ವರ ನಗರಗಳ ಕಂಪೌಂಡುಗಳಲ್ಲಿಯೂ ಒಂದೆರಡು ತಲೆಮಾರಿನ ಹಿಂದೆ ನೆಟ್ಟ ಮರಗಳು ಇಂದು ಮನೆಗಿಂತ ಎತ್ತರವಾಗಿ ನಿಂತಿವೆ. ಈ ಸೀಮೆಯ ಆಡುಮಾತಿನಲ್ಲಿ ಎಷ್ಟು ದೊಡ್ಡ ಮರವಾದರೂ ಅದು 'ಗಿಡ'ವೇ ಆಗಿದೆ. ನೂರು ವರ್ಷದ ಹುಣಿಸೆಯೂ 'ಹುಣಸೀ ಗಿಡ'ವೇ. ನೆಟ್ಟವನ ಕಣ್ಣಿನಲ್ಲಿ ಅದು ಎಂದಿಗೂ ಬೆಳೆದು ದೊಡ್ಡದಾಗಲಿಲ್ಲವೇನೋ ಎಂಬಂತೆ ಆ ಮಾತಿನಲ್ಲಿ ಒಂದು ಮಮತೆಯಿದೆ.

ಇದಲ್ಲದೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕಾಗಿದೆ. ಅವಳಿ ನಗರಗಳ ನಡುವೆ ತ್ವರಿತ ಬಸ್ಸುಗಳ ಸಲುವಾಗಿ ಸುಮಾರು 22 ಕಿಲೋಮೀಟರಿನ ಮಾರ್ಗವನ್ನು ಅಗಲಗೊಳಿಸಿದಾಗ ರಸ್ತೆಯ ಇಕ್ಕೆಲಗಳ ಬಹುಸಂಖ್ಯೆಯ ನೆರಳಿನ ಮರಗಳು ಹೋದವು. 2018ರಲ್ಲಿ ಬಸ್ಸುಗಳು ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾದ ಉದ್ಘಾಟನೆಯೂ ಆಯಿತು. ಆ ಮರಗಳು ಹೋದುದು ಮುಪ್ಪಿನಿಂದಲ್ಲ, ರೋಗದಿಂದಲ್ಲ. ರಸ್ತೆಗೆ ಜಾಗ ಬೇಕಾಗಿತ್ತು, ಅಷ್ಟೆ. ಅದು ಸರಿಯೋ ತಪ್ಪೋ ಎಂಬ ವಾದವು ಊರಿನಲ್ಲಿ ಬಹುದಿನ ನಡೆಯಿತು. ಆದರೆ ಅಲ್ಲಿ ನಿರ್ಧರಿಸಿದವರು ಸರಕಾರದವರು. ನಾಗರಿಕನಿಗೆ ಬೊಟ್ಟು ಮಾಡಲು ಒಬ್ಬನಿದ್ದನು. ಸ್ವಂತ ಅಂಗಳದ ಮರದ ವಿಷಯದಲ್ಲಿ ಹಾಗಲ್ಲ. ಅಲ್ಲಿ ನ್ಯಾಯಾಧೀಶನೂ ಅವನೇ, ಫಲಾನುಭವಿಯೂ ಅವನೇ. ಬೀದಿಯ ನೆರಳು ಕಡಿಮೆಯಾದ ಊರಿನಲ್ಲಿ ಹಿತ್ತಲಿನ ಒಂದು ಮರದ ಬೆಲೆಯು ಮೊದಲಿಗಿಂತ ಹೆಚ್ಚಾಗಿದೆ ಎಂಬುದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇಂಥ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಕೇಳಿದವರಿಗೆ ಅದರ ರೀತಿಯು ಹೊಸದಲ್ಲ. ಮಗನು, "ಅವ್ವಾ, ಗಿಡಕ್ಕ ಮುಪ್ಪಾತು, ಮಳಿಗಾಲಕ್ಕ ಮದಲ ತೆಗಸೋಣು" ಎನ್ನುತ್ತಾನೆ. ತಾಯಿಯು, "ನಿಮ್ಮಪ್ಪ ಹಚ್ಚಿದ್ದಪಾ ಅದು; ನಾ ಹೋದಮ್ಯಾಲೆ ಏನರ ಮಾಡಕೋರಿ" ಎಂದು ಮಾತನ್ನು ಮುಗಿಸುತ್ತಾಳೆ. ಪಕ್ಕದ ಮನೆಯವರು ತಮ್ಮ ಹೆಂಚಿನ ಮೇಲೆ ಬೀಳುವ ಎಲೆಗಳನ್ನು ತೋರಿಸುತ್ತಾರೆ. ಕಟ್ಟಿಗೆಯ ವ್ಯಾಪಾರಿಯು ಬಂದು ಕಾಂಡವನ್ನು ತೋಳಿನಿಂದ ಅಳೆದು ಒಂದು ಬೆಲೆ ಹೇಳಿ ಹೋಗುತ್ತಾನೆ. ಇವರೆಲ್ಲರ ಮಾತಿನಲ್ಲಿಯೂ ಒಂದಿಷ್ಟು ಸತ್ಯವಿದೆ. ಆದರೆ ಇವರಲ್ಲಿ ಯಾರೂ ಇನ್ನೂ ಮರವನ್ನು ನೋಡಿರುವುದಿಲ್ಲ! ಮಗನು ನೋಡಿದುದು ಹೊಸದಾಗಿ ಕಟ್ಟಿಸಬೇಕೆಂದಿರುವ ಕೋಣೆಯನ್ನು. ತಾಯಿಯು ನೋಡಿದುದು ತೀರಿಹೋದ ಪತಿಯನ್ನು. ನೆರೆಯವನು ನೋಡಿದುದು ತನ್ನ ಪನ್ನಾಳೆಯನ್ನು. ಇಲ್ಲಿ ನಿರ್ಧಾರವು ಮೊದಲು ಹುಟ್ಟುತ್ತದೆ, ಕಾರಣವು ಅದರ ಹಿಂದೆ ಬರುತ್ತದೆ. ಮುಪ್ಪು, ಅಪಾಯ ಎಂಬ ಗೌರವದ ಮಾತುಗಳನ್ನು ಮುಂದೆ ಮಾಡಿ ಅನುಕೂಲವು ಹಿಂದಿನಿಂದ ನಡೆದು ಬರುತ್ತದೆ. ಹಾಗೆಯೇ ದಯೆ ಎಂಬ ದೊಡ್ಡ ಮಾತಿನ ಮರೆಯಲ್ಲಿ ಆಲಸ್ಯವು ಕುಳಿತಿರುವುದೂ ಉಂಟು.

ಶರಣರು ಮರವನ್ನು ಯಾವ ದೃಷ್ಟಿಯಿಂದ ಕಂಡರೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ಉಚಿತವಾಗಿದೆ. ಮರಕ್ಕೆ ಅರಿಷಿಣ ಕುಂಕುಮಗಳನ್ನಿಟ್ಟು ಅದನ್ನೇ ದೈವವೆಂದು ಸುತ್ತುವ ಪದ್ಧತಿಯನ್ನು ಅವರು ಒಪ್ಪಿದವರಲ್ಲ. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಹೊರಗಿನ ಕಲ್ಲು ಮರಗಳ ಆರಾಧನೆಯು ಬೇಕಿಲ್ಲವೆಂಬುದು ಅವರ ನಿಲುವು. ಆದುದರಿಂದ ಮರವು ದೇವರು, ಅದನ್ನು ಮುಟ್ಟಬಾರದು ಎಂಬ ಭಯಕ್ಕೆ ಅವರ ಮಾರ್ಗದಲ್ಲಿ ಆಸ್ಪದವಿಲ್ಲ. ಮರ ಕಡಿಯುವ ಕೆಲಸವನ್ನು ಅವರು ಹೀನವೆಂದೂ ಭಾವಿಸಲಿಲ್ಲ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದನೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯನು ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ಹೊತ್ತು ತಂದು ಮಾರಿ, ಅದರಿಂದ ಜಂಗಮದಾಸೋಹವನ್ನು ನಡೆಸಿದನು. ಕೊಡಲಿಯನ್ನು ಹಿಡಿದ ಕೈಯೇ ದಾಸೋಹದ ಕೈಯೂ ಆಗಿತ್ತು. ಕಡಿಯುವುದೇ ಪಾಪವಾಗಿದ್ದರೆ ಆ ಕಾಯಕವು ಕಾಯಕವಾಗುತ್ತಿರಲಿಲ್ಲ.

ಆದರೆ ಮಾರಯ್ಯನೆಂಬ ಹೆಸರಿನ ಇನ್ನೊಬ್ಬ ಶರಣನ ಮನೆಯ ಕಥೆಯನ್ನು ಇದರ ಜೊತೆಗಿಟ್ಟು ನೋಡದಿದ್ದರೆ ಅರ್ಧ ಸತ್ಯವೇ ಉಳಿದೀತು. ಆಯ್ದಕ್ಕಿಯ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಅಕ್ಕಿಯು ಕದ್ದುದಲ್ಲ, ನೆಲದ ಮೇಲೆ ಬಿದ್ದುದು; ಆದರೂ ಬೇಕಾದುದಕ್ಕಿಂತ ಹೆಚ್ಚಾಯಿತೆಂಬುದೇ ಅವಳ ಆಕ್ಷೇಪಣೆ. ಮನೆಯ ಹೆಂಚಿನ ಮೇಲೆ ಬಾಗಿದ ಒಂದು ಕೊಂಬೆಯು ಅಪಾಯವಾಗಿದೆಯೆಂದು ಆಳುಗಳನ್ನು ಕರೆಸಿ, 'ಹೇಗೂ ಬಂದಿದ್ದಾರೆ' ಎಂದು ಇಡೀ ಮರವನ್ನೇ ಬುಡಸಹಿತ ತೆಗೆಸುವ ಗೃಹಸ್ಥನಿಗೆ ಲಕ್ಕಮ್ಮನ ಈ ನಡೆಯು ನೇರವಾಗಿ ತಾಗುತ್ತದೆ. ಎಷ್ಟು ಬೇಕು? ಕೊಂಬೆಯೇ, ಅರ್ಧ ಮರವೇ, ಪೂರ್ತಿಯೇ? ಕಡಿಯಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಇದು ಹೆಚ್ಚು ಪ್ರಾಮಾಣಿಕವಾದ ಪ್ರಶ್ನೆ.

ಇದಕ್ಕೆ ಉತ್ತರ ಹೇಳಬೇಕಾದರೆ ಮರದ ಮುಪ್ಪೆಂದರೆ ಏನೆಂಬುದನ್ನು ತಿಳಿಯಬೇಕು. ಮನೆಯ ಹಿರಿಯರನ್ನು ಮುದುಕರಾದರೆಂದು ಯಾರಾದರೂ ಹೊರಗೆ ಹಾಕುವರೇ ಎಂಬ ಉಪಮಾನವನ್ನು ಕೆಲವರು ಕೊಡುವರು. ಉಪಮಾನವು ಚೆನ್ನಾಗಿದೆಯಾದರೂ ಅದು ಬಹುದೂರ ಬರಲಾರದು. ಪ್ರಾಣಿಯ ಮುಪ್ಪೇ ಬೇರೆ, ಮರದ ಮುಪ್ಪೇ ಬೇರೆ. ಮರದಲ್ಲಿ ಜೀವವಿರುವುದು ತೊಗಟೆಯ ಒಳಮಗ್ಗುಲಿನ ತೆಳ್ಳನೆಯ ಪದರದಲ್ಲಿಯೂ ಅದಕ್ಕೆ ಹೊಂದಿದ ಹೊಸ ಮರದಲ್ಲಿಯೂ. ನಡುವಿನ ಚೇಗು ನಿರ್ಜೀವವಾದುದು, ಭಾರವನ್ನು ಹೊರುವುದಕ್ಕಾಗಿ ಮಾತ್ರ ಇರುವುದು. ಆದ್ದರಿಂದ ಒಳಗೆ ಪೊಳ್ಳಾದ ಹುಣಿಸೆಯು ಹೊರಗೆ ಹಸುರಾಗಿ ಇನ್ನೂ ಅನೇಕ ದಶಕಗಳ ಕಾಲ ಕಾಯಿ ಬಿಡುವುದು ಸಾಧ್ಯ. ಪೊಳ್ಳು ಇದ್ದ ಮಾತ್ರಕ್ಕೆ ಮರವು ಬೀಳುವುದೆಂದು ಹೇಳುವಂತಿಲ್ಲ. ಕೊಳವೆಯೂ ಪೊಳ್ಳೇ, ಆದರೂ ನಿಲ್ಲುತ್ತದೆ. ಸುತ್ತಲಿನ ಗಟ್ಟಿ ಗೋಡೆಯು ಎಷ್ಟು ದಪ್ಪವಾಗಿದೆ ಎಂಬುದೇ ಮುಖ್ಯ. ಕಾಂಡದ ಅರೆವ್ಯಾಸದ ಮೂರರಲ್ಲೊಂದು ಪಾಲಿಗಿಂತ ಅದು ತೆಳ್ಳಗಾದರೆ ಎಚ್ಚರ ವಹಿಸಬೇಕೆಂಬುದು ಮರಗಳ ಪರೀಕ್ಷೆಯನ್ನು ಬಲ್ಲವರು ಇಟ್ಟುಕೊಂಡಿರುವ ಒಂದು ಸ್ಥೂಲವಾದ ಅಳತೆ.

ನಿಜವಾಗಿ ಹೆದರಬೇಕಾದ ಗುರುತುಗಳು ಬೇರೆ ಇವೆ. ಮಳೆಗಾಲದಲ್ಲಿ ಬುಡದ ಸುತ್ತ ಅಥವಾ ಬೇರಿನ ಮೇಲೆ ತಟ್ಟೆಯಂತಹ ಗಟ್ಟಿ ಅಣಬೆಗಳು ಏಳುವುದು. ಇದ್ದಕ್ಕಿದ್ದಂತೆ ಮರವು ಒಂದು ಕಡೆಗೆ ವಾಲಿ, ಎದುರು ಮಗ್ಗುಲಿನಲ್ಲಿ ನೆಲವು ಬಿರಿದು ಮೇಲೇಳುವುದು. ಎರಡು ದೊಡ್ಡ ಕವಲುಗಳ ಸಂದಿಯಲ್ಲಿ ಸೀಳು ಕಾಣುವುದು. ತುದಿಯಿಂದ ಮೊದಲ್ಗೊಂಡು ಕೊಂಬೆಗಳು ವರ್ಷ ವರ್ಷವೂ ಒಣಗುತ್ತ ಕೆಳಗಿಳಿಯುವುದು. ಬಹುಕಾಲದಿಂದ ವಾಲಿಯೇ ಬೆಳೆದ ಮರವು ಆ ವಾಲಿಕೆಗೆ ತಕ್ಕಂತೆ ತನ್ನನ್ನು ಬಲಪಡಿಸಿಕೊಂಡಿರುತ್ತದೆ. ಅದನ್ನು ಕಂಡು ಗಾಬರಿಗೊಳ್ಳಬೇಕಾದುದಿಲ್ಲ. ಗೆದ್ದಲು ಕಂಡಿತೆಂದು ತೀರ್ಪು ಕೊಡುವವರು, ಗೆದ್ದಲು ಬಹುಮಟ್ಟಿಗೆ ಸತ್ತ ಮರವನ್ನೇ ತಿನ್ನುತ್ತದೆಂಬುದನ್ನು ನೆನೆಯಬೇಕು. ಮಾವಿನ ಮೇಲೆ ಬಂದಳಿಕೆ ಬೆಳೆದಿದ್ದರೆ ಅದನ್ನು ಕೊಂಬೆಸಹಿತ ಕತ್ತರಿಸಿ ತೆಗೆದರೆ ಸಾಕು. ಆದರೆ ಬಹುಮನೆಗಳಲ್ಲಿ ಅದನ್ನು ಹತ್ತು ವರ್ಷ ಬೆಳೆಯಗೊಟ್ಟು, ಬಳಿಕ ಮರವೇ ಸೊರಗಿತೆಂದು ಕಡಿಸುವರು.

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ವಿಧಿಯಿಲ್ಲ. ಅಪಾಯಕಾರಿಯೆನಿಸಿಕೊಂಡ ಮರಗಳಲ್ಲಿ ಅನೇಕವು ತಾವಾಗಿ ಅಪಾಯಕಾರಿಗಳಾದುವಲ್ಲ. ಅವನ್ನು ಹಾಗೆ ಮಾಡಲಾಗಿದೆ. ಮರದ ಬೇರುಗಳೆಂದರೆ ಪಾತಾಳಕ್ಕೆ ಇಳಿದವೆಂದು ಜನರ ಭಾವನೆ. ವಾಸ್ತವವಾಗಿ ಅವುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಎರಡು ಮೂರು ಅಡಿಗಳಲ್ಲಿಯೇ ಹರಡಿ, ನೆರಳು ಬೀಳುವ ಎಲ್ಲೆಯನ್ನೂ ದಾಟಿ ಹೋಗಿರುತ್ತವೆ. ವಾಹನ ನಿಲ್ಲಿಸುವುದಕ್ಕೆಂದು ಕಾಂಡದವರೆಗೂ ಸಿಮೆಂಟು ಹಾಸಿದಾಗ, ನಳದ ಪೈಪಿಗೋ ಚರಂಡಿಗೋ ಅಗೆದು ಒಂದು ಮಗ್ಗುಲಿನ ಬೇರನ್ನೆಲ್ಲ ಕತ್ತರಿಸಿದಾಗ, ಆ ಮರವು ಅಂದೇ ಬೀಳುವುದಿಲ್ಲ. ಕೆಲವು ವರ್ಷಗಳು ಕಳೆದ ಬಳಿಕ ಚೈತ್ರ ವೈಶಾಖಗಳ ಅಡ್ಡಮಳೆಯ ಗಾಳಿಗೆ ಬೀಳುತ್ತದೆ. ಆಗ ಜನರು ಗಾಳಿಯನ್ನು ದೂರುವರು. ಎರೆಯ ನೆಲದಲ್ಲಿ ಈ ಕೆಡಕು ಇನ್ನೂ ಹೆಚ್ಚು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಮಣ್ಣು ಕತ್ತರಿಸಿದ ಬೇರಿಗೆ ಹಿಡಿತವನ್ನು ಕೊಡಲಾರದು. ತಂತಿಗೆ ತಾಗುವುದೆಂದು ಮರದ ತಲೆಯನ್ನೇ ಬೋಳಿಸಿದರೆ ಆ ಬೋಳುಗಳಿಂದ ಹುಟ್ಟುವ ಹೊಸ ಚಿಗುರುಗಳು ಮೇಲುಮೇಲೆ ಅಂಟಿಕೊಂಡಿರುತ್ತವೆಯೇ ಹೊರತು ಒಳಗಿನಿಂದ ಕೂಡಿಕೊಂಡಿರುವುದಿಲ್ಲ. ಅವೇ ದೊಡ್ಡವಾಗಿ ಮುರಿದು ಬೀಳುವವು. ಇಪ್ಪತ್ತು ವರ್ಷಗಳ ಅಲಕ್ಷ್ಯಕ್ಕೆ ಮರವೊಂದನ್ನೇ ಹೊಣೆಮಾಡಿ ಒಂದು ದಿನದಲ್ಲಿ ಶಿಕ್ಷೆ ಕೊಡುವುದು ಯಾವ ನ್ಯಾಯ?

ಉಳಿಸುವ ಉಪಾಯಗಳೂ ಇಲ್ಲದಿಲ್ಲ. ಫಲ ಕಡಿಮೆಯಾದ ಹಳೆಯ ಆಪೂಸಿನ ಮರವನ್ನು ಕಡಿದುಹಾಕುವ ಬದಲು, ಅದರ ಮುಖ್ಯ ಕೊಂಬೆಗಳನ್ನು ಕ್ರಮವಾಗಿ ಮೊಟಕುಗೊಳಿಸಿ, ಬಂದ ಚಿಗುರುಗಳಲ್ಲಿ ಒಳ್ಳೆಯವನ್ನು ಆರಿಸಿ ಉಳಿಸಿ ಪುನಃ ಯೌವನಕ್ಕೆ ತರುವ ಕ್ರಮವನ್ನು ತೋಟಗಾರಿಕೆಯವರು ಬಲ್ಲರು; ಮೂರನೆಯ ವರ್ಷದ ಸುಮಾರಿಗೆ ಅದು ಮತ್ತೆ ಹೂವಾಗುತ್ತದೆ. ಇದು ತಲೆ ಬೋಳಿಸುವ ಕೆಲಸವಲ್ಲ, ಕಲಿತವರ ಕೈಯ ಕೆಲಸ. 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವು ಧಾರವಾಡದಲ್ಲಿಯೇ ಇರುವಾಗ ಈ ಸೀಮೆಯವರು ಸಲಹೆಗಾಗಿ ದೂರ ಹೋಗಬೇಕಾದುದೂ ಇಲ್ಲ. ಕಲಕತ್ತೆಯ ಎದುರಿನ ಹಾವಡದ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧವಾದ ಆಲದ ಮರಕ್ಕೆ 1864 ಮತ್ತು 1867ರ ಚಂಡಮಾರುತಗಳಿಂದ ಗಾಯಗಳಾಗಿ ಅಣಬೆರೋಗ ಹತ್ತಿತು. 1925ರಲ್ಲಿ ಅದರ ಮೂಲಕಾಂಡವನ್ನೇ ತೆಗೆದುಹಾಕಬೇಕಾಯಿತು. ಬಿಳಲುಗಳ ಮೇಲೆ ನಿಂತು ಆ ಮರವು ಇಂದಿಗೂ ಹರಡುತ್ತಲೇ ಇದೆ. ರೋಗವು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ ಕಡಿದರು. ಎಲ್ಲ ಮರಗಳಿಗೂ ಬಿಳಲುಗಳಿಲ್ಲವೆಂಬುದು ನಿಜ. ಆದರೆ ಅಂದು ಅಲ್ಲಿ ತೋರಿದ ವಿವೇಕಕ್ಕೆ ಬಿಳಲಿನ ಅವಶ್ಯಕತೆಯಿಲ್ಲ.

ಇಷ್ಟೆಲ್ಲವನ್ನೂ ಮರದ ಪರವಾಗಿ ಹೇಳಿದುದಾಯಿತು. ಈಗ ಇನ್ನೊಂದು ಪಕ್ಷವನ್ನು ನೋಡಬೇಕು. ನೀತಿಯ ದೃಷ್ಟಿಯಿಂದ ಇದೇ ಹೆಚ್ಚು ಕಠಿಣವಾದುದು. ಮರವನ್ನು ಉಳಿಸುವೆನೆಂದು ಹೇಳುವವನು ಯಾರು, ಅದು ಬಿದ್ದರೆ ಯಾರ ಮೇಲೆ ಬೀಳುತ್ತದೆ? ನೆರಳು ಹಣ್ಣುಗಳು ಮನೆಯೊಡೆಯನಿಗೆ. ಆದರೆ ವಾಲಿದ ಕೊಂಬೆಯ ಕೆಳಗೆ ಇರುವುದು ಹಿತ್ತಲಿನ ಬಾಡಿಗೆಯ ಕೋಣೆ, ಅದರಲ್ಲಿ ಓದಲೆಂದು ಹಳ್ಳಿಯಿಂದ ಬಂದ ಹುಡುಗರು. ಕಂಪೌಂಡಿನ ಆಚೆಗೆ, ಅದೇ ನೆರಳನ್ನು ನೆಚ್ಚಿ ಕಾಯಿಪಲ್ಲೆಯ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಮುದುಕಿ. ಇವರನ್ನು ಯಾರೂ ಕೇಳಿಲ್ಲ. ತನ್ನ ತಂದೆಯ ನೆನಪು ಉಳಿಯಲೆಂದು ಪರರ ಮಕ್ಕಳ ತಲೆಯ ಮೇಲೆ ಕೊಳೆತ ಕೊಂಬೆಯನ್ನು ತೂಗಬಿಡುವುದು ದಯೆಯಲ್ಲ. ಆ ದಯೆಯ ಬೆಲೆಯನ್ನು ತೆರುವವನು ಬೇರೆಯವನಾಗಿರುತ್ತಾನೆ. ಬುಡದಲ್ಲಿ ಅಣಬೆಯನ್ನು ಕಂಡೂ, ನೆಲ ಬಿರಿದುದನ್ನು ಕಂಡೂ 'ಈ ಒಂದು ಮಳೆಗಾಲ ಕಳೆಯಲಿ' ಎನ್ನುವವನು ತಾನು ಏನನ್ನೂ ಮಾಡಲಿಲ್ಲವೆಂದು ತಿಳಿಯುತ್ತಾನೆ. ಹಾಗಲ್ಲ, ಸುಮ್ಮನಿರುವುದೂ ಅವನು ಮಾಡಿದ ಒಂದು ಕೆಲಸವೇ, ಅದಕ್ಕೂ ಅವನೇ ಹೊಣೆ. ಗೃಹಸ್ಥನು ತನ್ನ ಕಾರಣವನ್ನು ಆ ಮುದುಕಿಯ ಮುಂದೆ, ಆ ಹುಡುಗರ ಮುಂದೆ ನಾಚಿಕೆಯಿಲ್ಲದೆ ಹೇಳಬಲ್ಲನೇ ಎಂಬುದನ್ನು ನೋಡಿಕೊಳ್ಳಬೇಕು. ಕಡಿಯುವುದಕ್ಕೆ ಕೊಡುವ ಕಾರಣಕ್ಕೂ ಇದೇ ಪರೀಕ್ಷೆ. 'ಎಲೆ ಗುಡಿಸಿ ಬೇಸತ್ತೆವು' ಎಂಬ ಮಾತನ್ನು, ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ನೆರಳಿಗೆ ಬಂದು ಕುಳಿತವಳ ಮುಂದೆ ಹೇಳುವುದು ಅಷ್ಟು ಸುಲಭವಲ್ಲ.

ಗಿಡವನ್ನು ಕೀಳುವುದೇ ನ್ಯಾಯವೆನಿಸಿದ ಪ್ರಸಂಗವು ಈ ಜಿಲ್ಲೆಯ ಇತಿಹಾಸದಲ್ಲಿಯೇ ಇದೆ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಹಳ್ಳಿಯ ಜನರು 'ಕಿತ್ತಿಕೋ-ಹಚ್ಚಿಕೋ' ಎಂಬ ಸತ್ಯಾಗ್ರಹವನ್ನು ನಡೆಸಿದರು. ದನ ಮೇಯುವ ಸಾರ್ವಜನಿಕ ಭೂಮಿಯನ್ನು ಕಾರಖಾನೆಯ ಸಲುವಾಗಿ ನೀಲಗಿರಿಯ ನೆಡುತೋಪು ಮಾಡಿದುದನ್ನು ವಿರೋಧಿಸಿ, ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, 1983ರಲ್ಲಿ, ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಲಕಣಿಯಲ್ಲಿ ಜನರು ಮರಗಳನ್ನು ತಬ್ಬಿಕೊಂಡು 'ಅಪ್ಪಿಕೋ' ಎಂದಿದ್ದರು. ಒಂದೆಡೆ ತಬ್ಬಿದರು, ಇನ್ನೊಂದೆಡೆ ಕಿತ್ತರು. ಇವೆರಡರಲ್ಲಿ ವಿರೋಧವನ್ನು ಕಾಣುವವರು ಮರವನ್ನು ಮಾತ್ರ ನೋಡಿದವರು. ಮರದ ಸುತ್ತಲಿನ ಬಾಳನ್ನು ನೋಡಿದವರಿಗೆ ವಿರೋಧವು ಕಾಣುವುದಿಲ್ಲ.

ಕಾಯಿದೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಅಂಗಳದ ಮರವನ್ನು ಕಡಿಯಲಿಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ತೆಂಗು, ನೀಲಗಿರಿಗಳಂತಹ ಕೆಲವಕ್ಕೆ ಮಾತ್ರ ವಿನಾಯಿತಿಯುಂಟು. ಸತ್ತ, ರೋಗ ಹತ್ತಿದ, ಗಾಳಿಗೆ ಬಿದ್ದ ಮರಕ್ಕೂ, ಜೀವಕ್ಕೋ ಆಸ್ತಿಗೋ ಅಪಾಯವಾದ ಮರಕ್ಕೂ ಅಪ್ಪಣೆಯನ್ನು ನಿರಾಕರಿಸಬಾರದೆಂದು ಅದೇ ಕಾಯಿದೆ ಹೇಳುತ್ತದೆ. ಕಡಿದವನು ಮತ್ತೆ ನೆಡಬೇಕೆಂದೂ ವಿಧಿಸುತ್ತದೆ. ಅನೇಕರಿಗೆ ಇದು ತೊಡಕೆನಿಸುತ್ತದೆ. ಆದರೆ ಮನೆಯ ಹೊರಗಿನವನೊಬ್ಬನು ಬಂದು 'ಏಕೆ?' ಎಂದು ಕೇಳುವುದೇ ಅದರ ನಿಜವಾದ ಉಪಕಾರ. ತಾನೇ ನ್ಯಾಯಾಧೀಶನಾದವನಿಗೆ ಇಂಥ ಪ್ರಶ್ನೆಯೊಂದು ಅವಶ್ಯವಾಗಿ ಬೇಕು. ಸುಳ್ಳು ಕಾರಣವನ್ನು ಬರೆದುಕೊಟ್ಟು ಅಪ್ಪಣೆಯನ್ನು ಪಡೆಯುವವರ ಮಾತನ್ನು ಇಲ್ಲಿ ಎತ್ತಬೇಕಾದುದಿಲ್ಲ.

ಕಡಿಯಲೇಬೇಕೆಂದು ನಿಶ್ಚಯವಾದ ಮೇಲೂ ಕಾಲವನ್ನು ನೋಡಬೇಕು. ಮಳೆಗಾಲದಲ್ಲಿ ಮರದ ರೋಗವು ಬುಡದ ಅಣಬೆಗಳ ರೂಪದಿಂದ ಹೊರಗೆ ಕಾಣುತ್ತದೆ. ಆಗ ಪರೀಕ್ಷಿಸಿ, ಕಾರ್ತಿಕದಲ್ಲಿ ನಿರ್ಧರಿಸಿ, ಮಾವು ಹೂ ಬಿಡುವ ಮೊದಲೇ ಕೆಲಸವನ್ನು ಮುಗಿಸಿದರೆ ಬೇಸಗೆಯಲ್ಲಿ ಗೂಡು ಕಟ್ಟುವ ಕಾಗೆ ಗಿಳಿಗಳ ಮರಿಗಳಿಗೆ ಕೇಡಿಲ್ಲ, ಅಡ್ಡಮಳೆಯ ಗಾಳಿಗೂ ಹೆದರಬೇಕಾದುದಿಲ್ಲ. ನಾಳೆಯೇ ಬೀಳುವಂತಿರುವ ಮರಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಇನ್ನು ಮರವನ್ನೇರುವ ಕೆಲಸಗಾರನ ವಿಷಯ. ಗೃಹಸ್ಥನು ಮರದ ಜೀವದ ಬಗ್ಗೆ ಇಷ್ಟು ಚಿಂತಿಸಿ, ಕೊನೆಗೆ ಕಡಿಮೆ ಕೂಲಿಗೆ ಒಪ್ಪಿದವನೆಂದು ಸೊಂಟಕ್ಕೆ ಹಗ್ಗವೂ ಇಲ್ಲದ ಒಬ್ಬನನ್ನು ನಲವತ್ತು ಅಡಿ ಎತ್ತರದ ಕೊಳೆತ ಕೊಂಬೆಗೆ ಏರಿಸಿದರೆ ಅವನ ಚಿಂತನೆಯೆಲ್ಲ ಎಲ್ಲಿಗೆ ಹೋಯಿತು? ಕಾಯಕಕ್ಕೆ ತಕ್ಕ ಕೂಲಿ, ಗಟ್ಟಿಯಾದ ಹಗ್ಗ, ಕೆಳಗೆ ಕಾಯುವ ಎರಡನೆಯ ಆಳು, ತಂತಿಯ ವಿದ್ಯುತ್ತನ್ನು ನಿಲ್ಲಿಸಿರುವ ಖಾತ್ರಿ, ಇವಕ್ಕೆ ತಗಲುವ ಹಣವನ್ನು ಮೊದಲೇ ತೆಗೆದಿರಿಸಬೇಕು. ಕಟ್ಟಿಗೆ ಮಾರಿ ಬಂದ ದುಡ್ಡು ಅದಕ್ಕೇ ಹೋದರೆ ಹೋಗಲಿ.

ಮತ್ತೆ ನೆಡುವ ಮಾತಿನಲ್ಲಿಯೂ ಒಂದು ಮೋಸವಿದೆ. ಒಂದಕ್ಕೆ ಎರಡು ಸಸಿಗಳನ್ನು ನೆಟ್ಟೆವೆಂದು ಹೇಳಿ ಜನರು ಹಗುರಾಗುವರು. ಮೊಳಕಾಲೆತ್ತರದ ಎರಡು ಸಸಿಗಳು ಅರುವತ್ತು ವರ್ಷದ ಬೇವಿಗೆ ಸಮನಾಗಬೇಕಾದರೆ ಅರುವತ್ತು ವರ್ಷಗಳೇ ಬೇಕು. ಮುದಿಮರವು ನಿಂತಿರುವಾಗಲೇ, ಅದು ಇನ್ನು ಹತ್ತು ಹದಿನೈದು ವರ್ಷ ಬಾಳುವಂತಿರುವಾಗಲೇ, ಅದರ ನೆರಳಿನಿಂದ ಸ್ವಲ್ಪ ಹೊರಗೆ ಮುಂದಿನ ಮರವನ್ನು ನೆಡುವವನೇ ಜಾಣ. ಗೋಡೆಯಿಂದ ಸಾಕಷ್ಟು ದೂರ ಬಿಟ್ಟು ನೆಡಬೇಕು. ಚಿಕ್ಕ ಅಂಗಳದಲ್ಲಿ ಆಲ ಅರಳಿಗಳನ್ನು ನೆಡಬಾರದು. ಅಲ್ಲಿಗೆ ನೆಲ್ಲಿ, ಕರಿಬೇವು, ಪೇರಲಗಳು ಸಾಕು. ಬೇಗ ಬೆಳೆಯುವುದೆಂದು ಮನೆಯ ಮಗ್ಗುಲಿಗೇ ಗುಲಮೊಹರನ್ನು ನೆಟ್ಟವರು ಅದರ ಮೇಲುಬೇರನ್ನೂ ಮೆದುವಾದ ಕೊಂಬೆಯನ್ನೂ ಕಂಡು ಬಳಿಕ ಪೇಚಾಡುವರು.

ಮೇಲಿನ ಭಾರವನ್ನೆಲ್ಲ ಇಳಿಸಿದ ಬಳಿಕ, ಜನರ ಓಡಾಟವಿಲ್ಲದ ಹಿತ್ತಲಿನ ಮೂಲೆಯ ಮರವಾಗಿದ್ದರೆ, ಹಾಗೂ ಬುಡವು ಗಟ್ಟಿಯಾಗಿದ್ದರೆ, ಎಂಟು ಹತ್ತು ಅಡಿಗಳ ಕಾಂಡವನ್ನು ಹಾಗೆಯೇ ನಿಲ್ಲಿಸಿಬಿಡುವುದು ಸಾಧ್ಯ. ಬೇರು ಕೊಳೆತ ಮರಕ್ಕೆ ಇದು ಸಲ್ಲದು. ಒಣಗಿದ ಆ ಬೊಡ್ಡೆಯಲ್ಲಿ ಕುಟ್ರುಹಕ್ಕಿಗಳು ತೂತು ಕೊರೆದು ಮರಿಮಾಡುತ್ತವೆ. ಹಳೆಯ ಮಾವಿನ ಪೊಟರೆಯಲ್ಲಿ ವಾಸವಾಗಿದ್ದ ಹಾಲಕ್ಕಿಯ ಜೋಡಿಯೂ, ಪೊಟರೆಯನ್ನು ಉಳಿಸಿದ್ದರೆ, ಸಂಜೆಯ ಹೊತ್ತಿಗೆ ಅಲ್ಲಿಯೇ ಬಂದು ಕುಳಿತೀತು.